ಕೋಟು ಹೇಳಿದ ಭವಿಷ್ಯ

"ದೊಡ್ಡಮ್ಮ, ನನಗೆ ಈ ಮದುವೆ ಬೇಡ."

ಭಾನುವಾರ ಬೆಳಿಗ್ಗೆ ಬಾಗಿಲು ಕೂಡ ತಟ್ಟದೆ ದೊಡ್ಡಮ್ಮನ ಮನೆಯೊಳಗೆ ಬಂದ ನನ್ನ ತಂಗಿ ಇಷ್ಟು ಹೇಳಿ, ಕುರ್ಚಿಯ ಮೇಲಿದ್ದ ದಿನಪತ್ರಿಕೆಯ ಮೇಲೇ ಕುಳಿತುಬಿಟ್ಟಳು. ಅದರಲ್ಲಿ ನಾನು ಅರ್ಧ ತುಂಬಿದ್ದ ಪದಬಂಧವಿತ್ತು. ಅದನ್ನು ಎಳೆದುಕೊಳ್ಳುವ ಸಮಯ ಅದಲ್ಲ ಎಂದು ಅವಳ ಕೆಂಪು ಮೂಗು ನೋಡಿದರೇ ತಿಳಿಯುತ್ತಿತ್ತು.

ದೊಡ್ಡಮ್ಮ ಎಂದರೆ ನಮ್ಮ ತಾಯಿಯ ಅಕ್ಕ. ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಸುಳ್ಳು ಹೇಳುವವನು ಮೊದಲು ಯಾವ ಜೇಬು ತಡಕುತ್ತಾನೆ ಎಂಬುದು ಅವರಿಗೆ ಬಾಯಿಪಾಠ. ನಮ್ಮ ಕಟ್ಟಡದಲ್ಲಿ ಬೆಕ್ಕು ಕಾಣೆಯಾದರೂ, ಬಾವಿಯ ಹಗ್ಗ ಕಾಣೆಯಾದರೂ ಜನ ಬರುವುದು ಅವರ ಮನೆಗೇ. ಪಕ್ಕದ ಮನೆಯ ಬ್ರಹ್ಮಚಾರಿಯಾದ ನಾನು ಅವರ ಹಜಾರದ ಖಾಯಂ ಗಿರಾಕಿ. ನನ್ನದು ಕನ್ನಡಕದ ಅಂಗಡಿ. ಊರಿಗೆಲ್ಲ ಕನ್ನಡಕ ಕೊಡುವವನು ನಾನು, ಎಲ್ಲವೂ ಕಣ್ಣಿಗೆ ಬೀಳುವುದು ಮಾತ್ರ ದೊಡ್ಡಮ್ಮನಿಗೆ.

"ಮದುವೆಗೆ ಇನ್ನು ಹತ್ತು ದಿನ ಇದೆ. ಹುಡುಗ ಏನು ಮಾಡಿದ?" ಎಂದರು ದೊಡ್ಡಮ್ಮ. ತಂಗಿ ಬೀದಿಯ ತುದಿಯ ಬೇಕರಿಯವನನ್ನು ಮೂರು ವರ್ಷದಿಂದ ಮೆಚ್ಚಿದ್ದಳು.

"ಅವರಿಗೆ ಬೇರೆ ಒಬ್ಬಳು ಇದಾಳೆ. ಪ್ರತಿ ಗುರುವಾರ ಹೋಗ್ತಾರಂತೆ. ಕಾರ್ಡಮ್ಮ ಹೇಳಿದ್ರು."

ನನಗೆ ಯಾಕೋ ಕೆಮ್ಮು ಬಂತು. ದೊಡ್ಡಮ್ಮ ನನ್ನತ್ತ ಒಮ್ಮೆ ನೋಡಿ, ಮತ್ತೆ ತಂಗಿಯತ್ತ ತಿರುಗಿದರು.

ಕಾರ್ಡಮ್ಮ ಎಂದರೆ ಮಾರುಕಟ್ಟೆ ಬೀದಿಯ ಲಾಂಡ್ರಿಯ ಮಹಡಿಯಲ್ಲಿ ಕುಳಿತು, ಚಿತ್ರದ ಕಾರ್ಡುಗಳನ್ನು ಹರಡಿ, ಅಂಗೈ ನೋಡಿ ಭವಿಷ್ಯ ಹೇಳುವ ಹೆಂಗಸು. ಲಾಂಡ್ರಿ ಅವರ ತಮ್ಮನದು. ತಂಗಿ ಕೆಲಸ ಮಾಡುವ ಗ್ರಂಥಾಲಯದಲ್ಲಿ ಎರಡು ತಿಂಗಳಿಂದ ಅವರದೇ ಮಾತು.

"ಹುಡುಗನನ್ನು ಕೇಳಿದೆಯಾ?" ಎಂದರು ದೊಡ್ಡಮ್ಮ.

"ಗುರುವಾರ ನಾಲ್ಕು ಗಂಟೆಗೆ ಎಲ್ಲಿದ್ರಿ ಅಂದೆ. ಬೇಕರಿಗೆ ಅವತ್ತು ಅರ್ಧ ದಿನ ರಜ, ಮಲಗಿದ್ದೆ ಅಂದ್ರು. ನೋಡಿದವರು ಯಾರು ಅಂದೆ. ಮಲಗಿರೋದನ್ನ ಯಾರು ನೋಡ್ತಾರೆ ಅಂದ್ರು." ತಂಗಿ ಅಳತೊಡಗಿದಳು. "ಕಾರ್ಡಮ್ಮ ಹೇಳಿದ್ದು ಇಲ್ಲಿವರೆಗೂ ಸುಳ್ಳಾಗಿಲ್ಲ ದೊಡ್ಡಮ್ಮ."

"ಯಾರಿಗೆ ಏನು ಹೇಳಿದಾಳೆ, ಒಂದೊಂದಾಗಿ ಹೇಳು."

ತಂಗಿ ಕಣ್ಣೊರೆಸಿಕೊಂಡು ಹೇಳಿದಳು. ಗ್ರಂಥಾಲಯದ ಮುಖ್ಯಸ್ಥೆಗೆ, ಡಾಕ್ಟರು ಬೇಡ ಎಂದಿದ್ದರೂ ನೀವು ಕದ್ದು ಚಾಕಲೇಟ್ ತಿನ್ನುತ್ತೀರಿ ಎಂದರಂತೆ. ಅದು ನಿಜ. ಗಣಿತದ ಮೇಷ್ಟ್ರಿಗೆ, ನೀವು ಯಾರಿಗೂ ತೋರಿಸದೆ ಪದ್ಯ ಬರೆಯುತ್ತೀರಿ ಎಂದರಂತೆ. ಅದೂ ನಿಜ. ನಲ್ಲಿ ರಿಪೇರಿಯವನಿಗೆ ಮಾತ್ರ, ದೂರ ಪ್ರಯಾಣವಿದೆ, ಒಳ್ಳೆಯ ಕಾಲ ಬರುತ್ತದೆ ಎಂದಷ್ಟೇ ಹೇಳಿ ಕಳಿಸಿದರಂತೆ.

"ಪಾಪ, ಅವನ ಭವಿಷ್ಯದಲ್ಲಿ ಮಾತ್ರ ಏನೂ ಇಲ್ಲ," ಎಂದೆ ನಾನು.

"ಭವಿಷ್ಯ ಇಲ್ಲ ಅಂತಲ್ಲ," ಎಂದರು ದೊಡ್ಡಮ್ಮ. "ಹೋದ ದಿನವೇ ಹೇಳಿಬಿಡ್ತಾಳಾ?"

"ಇಲ್ಲ. ಮೊದಲು ಹೋಗಿ ಹೆಸರು ಕೊಡಬೇಕು. ಕಾರ್ಡು ಹೆಸರಿಗೆ ಒಗ್ಗಬೇಕಂತೆ. ಮೂರು ದಿನ ಬಿಟ್ಟು ಹೇಳ್ತಾರೆ. ನಾನು ನನ್ನ ಹೆಸರೂ ಅವರ ಹೆಸರೂ ಕೊಟ್ಟಿದ್ದೆ."

ದೊಡ್ಡಮ್ಮ ಎದ್ದು ನಮಗೆ ಚಹಾ ತಂದರು. ಬಾಗಿಲ ಹಿಂದಿನ ಗೂಟದಲ್ಲಿ ನನ್ನ ಬೂದು ಕೋಟು ನೇತಾಡುತ್ತಿತ್ತು. ನನ್ನ ಮನೆಯ ಗೂಟ ಮುರಿದಾಗಿನಿಂದ ಅದು ಅಲ್ಲೇ ಇರುತ್ತದೆ. ಹದಿನೈದು ದಿನದ ಹಿಂದೆ ಮದುವೆಯ ಪತ್ರಿಕೆಗೆ ಫೋಟೊ ತೆಗೆಸಿಕೊಳ್ಳಲು ಬೇಕರಿಯವನು ಅದನ್ನು ಎರವಲು ಒಯ್ದಿದ್ದ. ಅವನು ಮುಟ್ಟಿದ್ದಕ್ಕೆಲ್ಲ ಮೈದಾ ಮೆತ್ತುತ್ತದೆ. ಕೋಟು ಬಿಳಿಯಾಗಿದ್ದಕ್ಕೆ, ಪಾಪ, ನಾಚಿಕೊಂಡು ತೊಳೆಸಿ ತಂದುಕೊಟ್ಟಿದ್ದ. ದೊಡ್ಡಮ್ಮ ಬಾಗಿಲು ಹಾಕುವಾಗ ಅದರ ತೋಳಿಗೆ ಚುಚ್ಚಿದ್ದ ಚೀಟಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ, ಹಾಗೇ ಬಿಟ್ಟರು.

"ಮದುವೆ ಬೇಡ ಅನ್ನೋ ಮಾತನ್ನ ಗುರುವಾರದವರೆಗೆ ಬಾಯಲ್ಲೇ ಇಟ್ಟುಕೋ," ಎಂದು ತಂಗಿಯ ತಲೆ ಸವರಿದರು.

ಸೋಮವಾರ ನಾವಿಬ್ಬರೂ ಲಾಂಡ್ರಿಗೆ ಹೋದೆವು. ಬಿಸಿ ಇಸ್ತ್ರಿಯ ವಾಸನೆ, ಸಾಲಾಗಿ ನೇತುಹಾಕಿದ ಬಟ್ಟೆಗಳು, ಕೆಲವಕ್ಕೆ ಪಿನ್ನು ಚುಚ್ಚಿದ ಕಂದು ಲಕೋಟೆ. ಲಕೋಟೆ ಯಾಕೆಂದು ದೊಡ್ಡಮ್ಮ ಕೇಳಿದರು.

"ಜೇಬಲ್ಲಿ ಏನಾದ್ರೂ ಬಿಟ್ಟಿರ್ತಾರಲ್ಲ ಅಮ್ಮಾ, ತೆಗೆದು ಅದಕ್ಕೆ ಹಾಕಿ ಹೆಸರು ಬರೀತೀವಿ," ಎಂದ ಲಾಂಡ್ರಿಯವನು ಹೆಮ್ಮೆಯಿಂದ. "ಇಪ್ಪತ್ತು ವರ್ಷದಲ್ಲಿ ಒಂದು ಗುಂಡುಸೂಜಿ ಕೂಡ ಕಳೆದಿಲ್ಲ."

ದೊಡ್ಡಮ್ಮ ತಮ್ಮ ಹಳೆಯ ಕಪ್ಪು ಸಮವಸ್ತ್ರದ ಕೋಟನ್ನು ತೊಳೆಯಲು ಕೊಟ್ಟು, ಹೆಸರು ಬರೆಸಿ, ಮಹಡಿ ಹತ್ತಿದರು.

ನಾನು ಹೊಗೆ, ಕತ್ತಲೆ, ತಲೆಬುರುಡೆ ಎಂದೆಲ್ಲ ಊಹಿಸಿಕೊಂಡಿದ್ದೆ. ಅಲ್ಲಿದ್ದುದು ಹೂವಿನ ಮೇಜುಹಾಸು, ಕಿಟಕಿಯಲ್ಲಿ ತುಳುಕುವ ಬಿಸಿಲು, ದುಂಡು ಮುಖದ ಐವತ್ತರ ಹೆಂಗಸು. ಕಾರ್ಡಮ್ಮ ನಮಗೆ ನೀರು ಕೊಟ್ಟು, ದೊಡ್ಡಮ್ಮನ ಹೆಸರು ಬರೆದುಕೊಂಡರು.

"ನಮ್ಮ ಹುಡುಗಿ ಅಳ್ತಾ ಕೂತಿದಾಳೆ. ಅವಳಿಗೆ ಕಂಡಿದ್ದನ್ನ ನನಗೂ ಹೇಳಿ," ಎಂದರು ದೊಡ್ಡಮ್ಮ.

ಕಾರ್ಡಮ್ಮನ ಮುಖ ಸಣ್ಣದಾಯಿತು. "ಹೇಳೋಕೆ ನನಗೂ ಸಂಕಟ ಆಯ್ತು. ಆದ್ರೆ ಹುಡುಗಿ ಮೋಸಹೋಗಬಾರದಲ್ಲ. ಗುರುವಾರ ನಾಲ್ಕು ಗಂಟೆಗೆ ಆ ಗಂಡಸು ಒಬ್ಬಳ ಹತ್ತಿರ ಹೋಗ್ತಾನೆ. ಅವಳ ಮನೆ ಕೀಲಿಕೈ ಅವನ ಹತ್ತಿರ ಇದೆ. ಮನೆ ನಂಬರು ಹದಿನೇಳು. ಅವಳ ನೀಲಿ ತಲೆಕ್ಲಿಪ್ಪನ್ನ ಎದೆ ಹತ್ತಿರ ಇಟ್ಟುಕೊಂಡು ಓಡಾಡ್ತಾನೆ."

ಕುಡಿಯುತ್ತಿದ್ದ ನೀರು ನನ್ನ ಮೂಗಿಗೇರಿತು. ಏನೋ ಹೇಳಲು ಬಾಯಿ ತೆರೆದೆ. ಮೇಜಿನ ಕೆಳಗೆ ದೊಡ್ಡಮ್ಮ ನನ್ನ ಕಾಲನ್ನು ಚೆನ್ನಾಗಿ ತುಳಿದರು.

"ಇನ್ನೊಂದು ಮಾತು," ಎಂದರು ಕಾರ್ಡಮ್ಮ. "ಆ ಗುರುವಾರದವರಿಬ್ಬರೂ ವರ್ಷದೊಳಗೆ ಮದುವೆ ಆಗ್ತಾರೆ. ಬೇಕಾದ್ರೆ ಬರೆದಿಟ್ಟುಕೊಳ್ಳಿ."

"ಗುರುವಾರ ನಾಲ್ಕಕ್ಕೆ ನಮ್ಮ ಮನೆಗೇ ಬನ್ನಿ, ತಮ್ಮನನ್ನೂ ಕರೆತನ್ನಿ. ನಾಲ್ಕು ಜನರ ಮುಂದೆ ನನ್ನ ಭವಿಷ್ಯ ಹೇಳುವಿರಂತೆ," ಎಂದರು ದೊಡ್ಡಮ್ಮ.

ಮೆಟ್ಟಿಲಿಳಿಯುವಾಗ ನಾನು ತೊದಲಿದೆ. "ದೊಡ್ಡಮ್ಮ, ಗುರುವಾರ ನಾಲ್ಕಕ್ಕೆ ನನಗೆ ಬೇರೆ ಕೆಲಸ..."

"ಗೊತ್ತು. ಅದಕ್ಕೇ ಆ ಹೊತ್ತು ಇಟ್ಟಿದ್ದು. ಇನ್ನು ಮೂರು ದಿನ ನೀನೂ ಬಾಯಿ ಮುಚ್ಚಿಕೊಂಡಿರು."

ಆ ಮೂರು ದಿನ ನಾನು ಹತ್ತಿರದ ಕನ್ನಡಕ ಬೇಕಾದವರಿಗೆ ದೂರದ್ದು ಕೊಟ್ಟೆ. ಒಬ್ಬ ಅಜ್ಜ ಬಂದು ಬೈದು ಹೋದರು.

ಗುರುವಾರ ದೊಡ್ಡಮ್ಮನ ಹಜಾರ ತುಂಬಿತು. ಸೋಫಾದ ಒಂದು ತುದಿಯಲ್ಲಿ ತಂಗಿ, ಇನ್ನೊಂದು ತುದಿಯಲ್ಲಿ ಬೇಕರಿಯವನು, ನಡುವೆ ಅವನು ತಂದಿದ್ದ ಬನ್ನಿನ ಬುಟ್ಟಿ. ಅವನ ಕಣ್ಣು ನಿದ್ದೆಯಿಲ್ಲದೆ ಬಾಡಿದ್ದವು. ಗ್ರಂಥಾಲಯದ ಮುಖ್ಯಸ್ಥೆ, ಗಣಿತದ ಮೇಷ್ಟ್ರು ಮತ್ತು ನಲ್ಲಿ ರಿಪೇರಿಯವನು ಕುತೂಹಲಕ್ಕೆ ಬಂದಿದ್ದರು. ಲಾಂಡ್ರಿಯವನು ತೊಳೆದ ಕಪ್ಪು ಕೋಟನ್ನೂ ತಂದಿದ್ದ. ಅದಕ್ಕೊಂದು ಲಕೋಟೆ ಚುಚ್ಚಲಾಗಿತ್ತು.

ಕಾರ್ಡಮ್ಮ ಕಾರ್ಡು ಹರಡಿ ಕಣ್ಣು ಮುಚ್ಚಿದರು. "ನಿಮ್ಮ ಬದುಕಲ್ಲಿ ಒಂದು ಕುದುರೆ ಕಾಣ್ತಿದೆ. ಬಿಳಿ ಕುದುರೆ. ಪಾಪ, ಅದಕ್ಕೆ ಗಾಯ ಆಗಿದೆ."

"ಎಲ್ಲಿ?"

"ಕಿವಿ. ಒಂದು ಕಿವಿ ಇಲ್ಲ. ಆಮೇಲೆ ಮಗುವಿನ ಹಲ್ಲು. ನೀವು ಯಾವುದೋ ಮಗುವನ್ನ ತುಂಬ ನೆನೀತಿದೀರ."

ದೊಡ್ಡಮ್ಮ ಲಕೋಟೆ ಬಿಚ್ಚಿ ಮೇಜಿನ ಮೇಲೆ ಸುರಿದರು. ಕಿವಿ ಮುರಿದ ಚದುರಂಗದ ಬಿಳಿ ಕುದುರೆಯೂ, ಬೆಂಕಿಪೊಟ್ಟಣದಲ್ಲಿ ಒಂದು ಪುಟ್ಟ ಹಲ್ಲೂ ಬಿದ್ದವು.

"ಕುದುರೆ ಎದುರುಮನೆ ಡಾಕ್ಟರದು. ಹಲ್ಲು ಮೂರನೇ ಮಹಡಿಯ ನಾಯಿಮರಿಯದು. ನಾನು ಬೇಕಂತಲೇ ಜೇಬಿಗೆ ಹಾಕಿ ಕೊಟ್ಟಿದ್ದೆ," ಎಂದರು ದೊಡ್ಡಮ್ಮ ಮೆತ್ತಗೆ.

ಲಾಂಡ್ರಿಯವನು ನಿಧಾನವಾಗಿ ಅಕ್ಕನತ್ತ ತಿರುಗಿದ. "ಅಕ್ಕಾ, ಬೆಳಿಗ್ಗೆ ಜೇಬು ಖಾಲಿ ಮಾಡೋ ಕೆಲಸ ನಾನೇ ಮಾಡ್ತೀನಿ ಅಂತ ನೀನು ಅಂದಿದ್ದು ಇದಕ್ಕಾ?"

ಕಾರ್ಡಮ್ಮ ಹರಡಿದ್ದ ಕಾರ್ಡುಗಳನ್ನು ಒಂದೊಂದಾಗಿ ಬಾಚಿ ಸೆರಗಿಗೆ ಹಾಕಿಕೊಂಡರು.

"ಭಾನುವಾರವೇ ನನಗೆ ಅನುಮಾನ ಬಂತು," ಎಂದು ದೊಡ್ಡಮ್ಮ ವಿವರಿಸತೊಡಗಿದರು. "ನಿಜಕ್ಕೂ ಭವಿಷ್ಯ ಕಾಣೋದಾದ್ರೆ ಎಲ್ಲರದ್ದೂ ಕಾಣಬೇಕು. ನಲ್ಲಿ ರಿಪೇರಿಯವರದ್ದು ಮಾತ್ರ ಯಾಕೆ ಕಾಣಲಿಲ್ಲ? ಏನಪ್ಪಾ, ನೀನು ಲಾಂಡ್ರಿಗೆ ಬಟ್ಟೆ ಕೊಡ್ತೀಯಾ?"

"ಇಲ್ಲಮ್ಮ, ಕೆಲಸದ ಹೊತ್ತಲ್ಲೇ ನೆನೆದುಹೋಗಿರುತ್ತೆ, ಹಿಂಡಿ ಒಣಗಿಸ್ತೀನಿ," ಎಂದ ಅವನು.

"ಉಳಿದವರೆಲ್ಲ ಕೊಡೋರು. ಚಾಕಲೇಟ್ ಕಾಗದ, ಪದ್ಯದ ಚೂರು, ಎಲ್ಲ ಜೇಬಲ್ಲಿ ಸಿಗೋವಂಥವು. ಹೆಸರು ಕೊಟ್ಟ ಮೇಲೆ ಮೂರು ದಿನ ಯಾಕೆ ಬೇಕು? ಆ ಹೆಸರಿನ ಲಕೋಟೆ ಬಂದಿದೆಯಾ, ಬರುತ್ತಾ ಅಂತ ನೋಡೋಕೆ."

"ಆದ್ರೆ ದೊಡ್ಡಮ್ಮ," ಎಂದಳು ತಂಗಿ, "ನಾನು ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಒಬ್ಬಳೇ ಇದ್ದಾಗ ಅಳ್ತೀನಿ ಅಂದ್ರು. ಅದು ಯಾವ ಜೇಬಲ್ಲಿತ್ತು?"

"ಹೊರಗೆ ಗಟ್ಟಿ, ಒಳಗೆ ಮೆತ್ತಗೆ ಇರೋರು ಕೈ ಎತ್ತಿ," ಎಂದರು ದೊಡ್ಡಮ್ಮ.

ಮುಖ್ಯಸ್ಥೆ ಎತ್ತಿದರು. ಮೇಷ್ಟ್ರು, ನಾನು, ನಲ್ಲಿ ರಿಪೇರಿಯವನು ಎತ್ತಿದೆವು. ಲಾಂಡ್ರಿಯವನು ಎರಡೂ ಕೈ ಎತ್ತಿದ. ಬೇಕರಿಯವನು ಬುಟ್ಟಿಯಲ್ಲಿದ್ದ ಬನ್ನು ನೋಡಿ ತಾನೂ ಎತ್ತಿದ. ನಾಲ್ಕು ದಿನದ ಮೇಲೆ ಮೊದಲ ಸಲ ತಂಗಿ ನಕ್ಕಳು. ಆದರೆ ನಗು ಬೇಗ ಹೋಯಿತು.

"ಜೇಬಲ್ಲಿದ್ದಿದ್ದು ನಿಜ ತಾನೇ? ಹಾಗಾದ್ರೆ ಇವರ ಜೇಬಲ್ಲಿ ಆ ಕೀಲಿಕೈ, ಕ್ಲಿಪ್ಪು ನಿಜವಾಗ್ಲೂ ಇತ್ತು."

ಬೇಕರಿಯವನು ಬೆಚ್ಚಿದ. ದೊಡ್ಡಮ್ಮ ಎದ್ದು, ಗೂಟದಿಂದ ನನ್ನ ಬೂದು ಕೋಟು ತಂದು, ತೋಳಿನ ಚೀಟಿಯನ್ನು ತಂಗಿಯ ಮುಂದೆ ಹಿಡಿದರು. ಚೀಟಿಯಲ್ಲಿ ಬೇಕರಿಯವನ ಹೆಸರಿತ್ತು.

"ರೈಲಲ್ಲಿ ನಾನು ದಿನಾ ನೋಡ್ತಿದ್ದ ತಪ್ಪು ಇದು. ಟಿಕೆಟ್ ಸಾಚಾ ಇರುತ್ತೆ, ಅದರಲ್ಲಿರೋ ಹೆಸರು ಮಾತ್ರ ಇನ್ನೊಬ್ಬರದ್ದು. ಟಿಕೆಟ್ ನೋಡಿದ್ರೆ ಸಾಲದು, ಕೂತಿರೋ ಮನುಷ್ಯನ ಮುಖವನ್ನೂ ನೋಡಬೇಕು. ಕೋಟು ಲಾಂಡ್ರಿಗೆ ಹೋಗಿದ್ದು ಇವನ ಹೆಸರಲ್ಲಿ, ಲಕೋಟೆ ಬಿಚ್ಚಿಯೂ ನೋಡದೆ ಇವನು ವಾಪಸ್ ಕೊಟ್ಟಿದಾನೆ. ಜೇಬು ನಿನ್ನ ಅಣ್ಣನದು."

ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ನನಗೆ ಮತ್ತೆ ಕೆಮ್ಮು ಬಂತು.

"ಗುರುವಾರ ಅಂದ ಕೂಡಲೇ ಕೆಮ್ಮಿದ. ಹದಿನೇಳು ಅಂದಾಗ ಮೂಗಿಗೆ ನೀರು ಏರಿಸಿಕೊಂಡ. ಎರಡು ತಿಂಗಳಿಂದ ಪ್ರತಿ ಗುರುವಾರ ಕಣ್ಣು ಕೆಂಪಗೆ ಮಾಡಿಕೊಂಡು, ಮೈಯಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಹೊತ್ತು ಬರ್ತಾನೆ. ಊರಲ್ಲಿರೋದು ಒಂದೇ ಈಜುಕೊಳ. ಮಂಗಳವಾರ ಹೋಗಿ ಕೇಳಿದೆ. ಹದಿನೇಳು ಅನ್ನೋದು ಯಾರ ಮನೆಯೂ ಅಲ್ಲ. ಬಟ್ಟೆ ಇಡೋ ಕಪಾಟಿನ ನಂಬರು. ಜೇಬಲ್ಲಿದ್ದ ಚೀಟಿಯ ಗುರುವಾರ ನಾಲ್ಕು ಗಂಟೆ ಅನ್ನೋದು ಈಜಿನ ಪಾಠದ ಹೊತ್ತು."

"ಅಣ್ಣ, ನೀನು ಈಜು ಕಲೀತಿದೀಯಾ?" ಎಂದಳು ತಂಗಿ. "ಸ್ನಾನದ ತೊಟ್ಟಿಗೇ ಹೆದರ್ತಿದ್ದವನು?"

"ನಲವತ್ತೊಂದನೇ ವಯಸ್ಸಲ್ಲಿ ಮಕ್ಕಳ ಜೊತೆ ರಬ್ಬರ್ ಟೋಪಿ ಹಾಕಿಕೊಂಡು ಕೈಕಾಲು ಬಡೀತೀನಿ ಅಂತ ಹೇಗೆ ಹೇಳಲಿ?" ಎಂದೆ.

"ಮತ್ತೆ ಆ ಕ್ಲಿಪ್ಪು?"

ನಾನು ಉತ್ತರ ಹುಡುಕುವಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ದೊಡ್ಡಮ್ಮ ಅವರನ್ನೂ ಕರೆದಿದ್ದರು. ನನ್ನ ಈಜು ಟೀಚರು, ನನ್ನಷ್ಟೇ ವಯಸ್ಸು, ಮದುವೆಯ ಮಾತು ಬಂದರೆ ನನ್ನ ಹಾಗೆಯೇ ಮಾತು ಬದಲಿಸುವವರು.

"ಕ್ಲಿಪ್ಪು ನನ್ನದು," ಎಂದರು ಅವರು. "ಕೊಳದ ಹತ್ತಿರ ಬಿದ್ದುಹೋಗಿತ್ತು. ಇವರಿಗೆ ಸಿಕ್ಕಿದೆ ಅಂತ ನನಗೆ ಗೊತ್ತಿತ್ತು. ಯಾವಾಗ ಕೊಡ್ತಾರೋ ಅಂತ ಕಾಯ್ತಿದ್ದೆ."

"ಕೊಡೋಕೆ ಮೂರು ವಾರ ಬೇಕಾ?" ಎಂದು ದೊಡ್ಡಮ್ಮ ನನ್ನನ್ನು ಕೇಳಿದರು. ಟಿಕೆಟ್ ಇಲ್ಲದವನಂತೆ ನಾನು ಕಿಟಕಿಯಾಚೆ ನೋಡಿದೆ. ಒಳಗೊಳಗೇ ಮಾತ್ರ ಹೇಳಲಾಗದಷ್ಟು ಸಂತೋಷವಾಗುತ್ತಿತ್ತು.

ತಂಗಿ ಬನ್ನಿನ ಬುಟ್ಟಿಯನ್ನು ಎತ್ತಿ ಕೆಳಗಿಟ್ಟು, ಸೋಫಾದ ಇನ್ನೊಂದು ತುದಿಗೆ ಸರಿದಳು. "ನಿಮ್ಮ ಮಾತು ಬಿಟ್ಟು ಕಾರ್ಡಿನ ಮಾತು ನಂಬಿದೆ. ತಪ್ಪಾಯ್ತು," ಎಂದಳು.

"ನನಗೆ ಈಜೂ ಬರಲ್ಲ, ಇನ್ನೊಬ್ಬಳೂ ಇಲ್ಲ," ಎಂದ ಬೇಕರಿಯವನು. "ಗುರುವಾರ ನಿಜವಾಗ್ಲೂ ಮಲಗಿರ್ತೀನಿ. ಇನ್ನು ಮೇಲೆ ನೀನೇ ನೋಡಬಹುದು." ಅವಳ ತೋಳಿಗೆ ಐದು ಬೆರಳಿನ ಮೈದಾ ಮೆತ್ತಿತು. ಅವಳು ಒರೆಸಿಕೊಳ್ಳಲಿಲ್ಲ.

ಕಾರ್ಡಮ್ಮ ಅಳುತ್ತಿದ್ದರು. "ಮೊದಮೊದಲು ತಮಾಷೆಗೆ ಹೇಳ್ತಿದ್ದೆ. ಜನ ಬೆರಗಾಗೋದು ನೋಡಿ ರುಚಿ ಹತ್ತಿತು. ಈ ಹುಡುಗಿ ವಿಷಯದಲ್ಲಿ ಮಾತ್ರ, ಅವಳನ್ನ ಕಾಪಾಡ್ತಿದೀನಿ ಅಂತಲೇ ಅಂದುಕೊಂಡಿದ್ದೆ."

"ಅದು ನನಗೂ ಕಾಣ್ತು," ಎಂದರು ದೊಡ್ಡಮ್ಮ. "ನಿನ್ನ ಕಣ್ಣು ಚುರುಕು. ಆದ್ರೆ ಒಂದು ಮದುವೆ ಮುರಿಯೋದರಲ್ಲಿತ್ತು. ಕಾರ್ಡಲ್ಲಿ ಏನೂ ಇಲ್ಲ, ಇದ್ದಿದ್ದೆಲ್ಲ ಜೇಬಲ್ಲಿ ಅಂತ ನಿನ್ನ ಹತ್ತಿರ ಬಂದವರ ಮನೆಮನೆಗೆ ಹೋಗಿ ನೀನೇ ಹೇಳಬೇಕು. ಇನ್ನು ಮುಂದೆ ಜೇಬು ಖಾಲಿ ಮಾಡೋದು ಗಿರಾಕಿ ಎದುರಿಗೇ."

ಕಾರ್ಡಮ್ಮ ಎಲ್ಲ ಮನೆಗಳಿಗೂ ಹೋದರು. ವಿಚಿತ್ರವೆಂದರೆ ಯಾರೂ ಬೈಯಲಿಲ್ಲ. ಮುಖ್ಯಸ್ಥೆ ಚಾಕಲೇಟ್ ಕೊಟ್ಟು ಕಳಿಸಿದರು, ಮೇಷ್ಟ್ರು ಎಂಟು ಪದ್ಯ ಓದಿ ಹೇಳಿದರು. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ ಎಂದು ದೊಡ್ಡಮ್ಮ ಅಂದರು. ತಂಗಿಯ ಮದುವೆ ಅಂದುಕೊಂಡ ದಿನವೇ ನಡೆಯಿತು. ಟೀಚರೂ ಬಂದಿದ್ದರು, ಕೂದಲಲ್ಲಿ ನೀಲಿ ಕ್ಲಿಪ್ಪು ಹಾಕಿಕೊಂಡು.

ಹನ್ನೊಂದು ತಿಂಗಳ ಮೇಲೆ ನಮ್ಮಿಬ್ಬರ ಮದುವೆಯೂ ಆಯಿತು. ಅಂದು ಕಾರ್ಡಮ್ಮ ಮೊದಲ ಸಾಲಿನಲ್ಲಿ ಕುಳಿತು, "ಗುರುವಾರದವರು ವರ್ಷದೊಳಗೆ ಅಂತ ನಾನು ಆಗಲೇ ಹೇಳಿರಲಿಲ್ವಾ?" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ದೊಡ್ಡಮ್ಮ ಅವರ ಪಕ್ಕದಲ್ಲೇ ಕುಳಿತಿದ್ದರು. "ನಲ್ಲಿ ರಿಪೇರಿಯವನು ಇನ್ನೂ ದೂರ ಪ್ರಯಾಣಕ್ಕೆ ಕಾಯ್ತಿದಾನೆ, ಅದನ್ನೂ ಹೇಳು," ಎಂದರು.

ನಾನು ಹಾಕಿಕೊಂಡಿದ್ದು ಅದೇ ಬೂದು ಕೋಟು. ಹಿಂದಿನ ದಿನ ತೊಳೆಯಲು ಕೊಡುವ ಮುಂಚೆ ದೊಡ್ಡಮ್ಮ ಅದರ ಜೇಬುಗಳನ್ನೆಲ್ಲ ತಡಕಿ ನೋಡಿ, ಚೀಟಿಯಲ್ಲಿ ನನ್ನ ಹೆಸರನ್ನು ತಾವೇ ಬರೆದಿದ್ದರು.