ಕಾಣೆಯಾದ ಉಕ್ಕಿನ ಗುಂಡು

ವಿಷಯ ಗಂಭೀರವಾದದ್ದು, ನಗುವವರು ಇಲ್ಲಿಗೇ ಪುಸ್ತಕ ಮುಚ್ಚಬಹುದು. ಮಧ್ಯಾಹ್ನದ ಚಹಾ ಮುಗಿಯುವಷ್ಟರಲ್ಲಿ ಗ್ಯಾರೇಜಿನ ಮೇಸ್ತ್ರಿಯ ಮೇಜಿನಿಂದ ಬಟಾಣಿ ಗಾತ್ರದ ಉಕ್ಕಿನ ಗುಂಡೊಂದು ಕಾಣೆಯಾಗಿತ್ತು.

ಅದಿಲ್ಲದೆ ಆ ಹಳೆಯ ಅಮೆರಿಕನ್ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮುಚ್ಚುವಂತಿರಲಿಲ್ಲ. ಎಂಜಿನ್ ಸಿದ್ಧವಾಗಿತ್ತು. ಅದೇ ಅಳತೆಯ ಇನ್ನೊಂದು ಗುಂಡು ಸಮುದ್ರ ದಾಟಿ ಬರಬೇಕು—ತಿಂಗಳುಗಟ್ಟಲೆ ಕಾಯಬೇಕು.

ಶೆಡ್ಡಿನಲ್ಲಿ ಮೇಸ್ತ್ರಿಯಲ್ಲದೆ ಮೂವರಿದ್ದರು. ಸೀಟಿಗೆ ಕವರ್ ಹೊಲಿಯುವ ಅವನ ಅಕ್ಕ. ಪೇಂಟರ್. ಮತ್ತೆ ಕಾರಿನ ಯಜಮಾನರು. ಹೆಂಡತಿ ತೀರಿಕೊಂಡ ಮೇಲೆ ಅವರು ದಿನವೂ ಬಂದು, ಬಿಚ್ಚಿಟ್ಟ ಹಿಂದಿನ ಸೀಟಿನ ಮೂಲೆಯಲ್ಲಿ ಕೂರುತ್ತಿದ್ದರು. ಪಕ್ಕದ ಜಾಗ ಖಾಲಿ ಬಿಟ್ಟು. ‘ಇವರು ಎದ್ದರೆ ತಾನೇ ನಾನು ಹೊಲಿಯೋದು’ ಎಂದು ಅಕ್ಕ ಗೊಣಗುವುದು ವಾಡಿಕೆ.

“ಏ ಪೇಂಟರ್, ನೀನು ಮುಟ್ಟಿದ್ಯಾ?” ಮೇಸ್ತ್ರಿ ಕೇಳಿದ.

“ನನಗ್ಯಾಕಣ್ಣ? ಗೋಲಿ ಆಡೋ ವಯಸ್ಸಾ ನಂದು?”

“ಉರುಳಿ ಹೋಗಿರ್ಬೇಕು,” ಎಂದರು ಯಜಮಾನರು, ಎಡಗೈಯಲ್ಲಿ ಲೋಟ ಹಿಡಿದು. “ಟಣ್ ಅಂತ ಬಿದ್ದಿದ್ದು ಕೇಳಿಸ್ತು. ಹೋಗ್ಲಿ ಬಿಡಿ, ತರಿಸಿದ್ರಾಯ್ತು. ಅವಸರ ಏನಿದೆ?”

ಮೇಸ್ತ್ರಿ ನೆಲಕ್ಕೆ ಮೂಗು ತಾಗಿಸಿ ಹುಡುಕತೊಡಗಿದ. ಅಕ್ಕ ನೆಲ ನೋಡಲಿಲ್ಲ, ಮೇಜಿನ ಮೇಲೆ ಬಿಚ್ಚಿಟ್ಟ ಗೇರ್‌ಬಾಕ್ಸ್ ನೋಡಿದಳು.

“ತಮ್ಮಾ, ಗುಂಡುಗಳನ್ನ ಇದರ ಕುಳಿಗಳಲ್ಲಿ ಏನು ಹಚ್ಚಿ ಕೂರಿಸಿದ್ದೆ?”

“ವ್ಯಾಸಲೀನ್. ತಲೆಕೆಳಗು ಮಾಡಿದ್ರೂ ಬೀಳಬಾರ್ದಲ್ಲಕ್ಕ.”

“ಬೀಳೋದೇ ಇಲ್ಲ ಅಂದ್ಮೇಲೆ ಉರುಳಿದ್ದು ಹೇಗೆ?”

ಮೇಸ್ತ್ರಿ ಮಂಡಿ ಒರೆಸಿಕೊಂಡು ಎದ್ದ.

“ಪೇಂಟರ್ ಕೈತುಂಬ ಕೆಂಪು ಬಣ್ಣ. ಇಲ್ಲಿ ಒಂದು ಕಲೆಯೂ ಇಲ್ಲ. ವ್ಯಾಸಲೀನಿನಲ್ಲಿ ಉಗುರಿನ ಗೀರು ಮಾತ್ರ ಇದೆ.” ಅವಳ ದನಿ ತಗ್ಗಿತು. “ಯಜಮಾನ್ರೇ, ದಿನಾ ಬಲಗೈಲಿ ಚಹಾ ಕುಡೀತಿದ್ರಿ. ಇವತ್ತು ಆ ಕೈ ಜೇಬಿಂದ ಆಚೆಗೇ ಬಂದಿಲ್ಲ.”

ಕೈ ಹೊರಬಂತು. ಜಿಡ್ಡಾದ ಅಂಗೈ ಮೇಲೆ ಗುಂಡು ಹೊಳೆಯುತ್ತಿತ್ತು.

“ಗಾಡಿ ಮುಗಿದ್ರೆ…” ಎಂದರು.

ಮೇಸ್ತ್ರಿ ಗುಂಡು ತೆಗೆದುಕೊಂಡು ಬಟ್ಟೆಯಲ್ಲಿ ಒರೆಸಿದ, ಅಗತ್ಯಕ್ಕಿಂತ ಹೆಚ್ಚು ಹೊತ್ತು.

“ಗಾಡಿ ಇಲ್ದಿದ್ರೂ ಬನ್ನಿ,” ಎಂದಳು ಅಕ್ಕ. “ಚಹಾ ಕುಡಿಯೋಕೆ ಗೇರ್‌ಬಾಕ್ಸ್ ಕೆಡಬೇಕಾ?”

“ಬರ್ತೀನಮ್ಮ.”

ಶನಿವಾರ ಕಾರು ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಓಡಿ ಮನೆ ಸೇರಿತು. ಸೋಮವಾರ ಮೇಸ್ತ್ರಿ ನಾಲ್ಕು ಚಹಾ ತರಿಸಿದ. ಮೂರು ಖಾಲಿಯಾದವು; ಯಜಮಾನರದ್ದು ಆರಿಹೋಯಿತು.