ನಿದ್ದೆ ಅಡಗಿಸಿಟ್ಟ ಪಿಯಾನೊ

ಬಹಳ ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿಗೂ ಹಲ್ಲು ಹುಟ್ಟುವ ಮೊದಲು, ಕೌದಿಪುರ ಅಂತ ಒಂದು ರಾಜ್ಯವಿತ್ತು. ಆ ಊರಿನವರಿಗೆ ಊಟ ಎಷ್ಟು ಮುಖ್ಯವೋ ನಿದ್ದೆಯೂ ಅಷ್ಟೇ ಮುಖ್ಯ. ಮಧ್ಯಾಹ್ನ ಉಂಡ ಮೇಲೆ ಅಂಗಡಿಯವನು ಅಂಗಡಿಯಲ್ಲೇ, ಎತ್ತು ಗಾಡಿಯ ಪಕ್ಕದಲ್ಲೇ, ದೊರೆ ಚಂಡಮಲ್ಲ ಸಿಂಹಾಸನದಲ್ಲೇ ಒಂದು ಕೋಳಿನಿದ್ದೆ ತೆಗೆಯುತ್ತಿದ್ದರು. ಅಂಥ ಊರಿಗೆ ಬಿಡುಗಣ್ಣ ಎಂಬ ಮಾಂತ್ರಿಕ ಬಂದ.

ಬಿಡುಗಣ್ಣ ಹುಟ್ಟಿದಾಗಿನಿಂದ ಕಣ್ಣು ಮುಚ್ಚಿದವನಲ್ಲ. ಊರಿಗೆ ಊರೇ ಗೊರಕೆ ಹೊಡೆಯುವುದನ್ನು ಕಂಡು ಅವನ ಹೊಟ್ಟೆ ಉರಿದುಹೋಯಿತು. "ಇವರಿಗೆ ಇಷ್ಟೊಂದು, ನನಗೆ ಚೂರೂ ಇಲ್ಲವೇ?" ಅಂದವನೇ ಮಂತ್ರ ಹಾಕಿ, ಊರಿನ ನಿದ್ದೆಯನ್ನೆಲ್ಲ ಬಾಚಿ ಅರಮನೆಯ ಪಿಯಾನೊದೊಳಗೆ ತುಂಬಿ ಮುಚ್ಚಿದ. ಅಲ್ಲಿಂದ ತನಗೆ ಮಾತ್ರ ಬರುವ ಹಾಗೆ ಕಣ್ಣಿಗೆ ಕಾಣದ ಒಂದು ಎಳೆ ಎಳೆದುಕೊಂಡ.

ಹೋಗುವ ಮುಂಚೆ ದೊರೆಗೆ ಹೇಳಿದ: "ನಿಮ್ಮೂರ ತಾಯಂದಿರ ಜೋಗುಳವನ್ನು ಈ ಪಿಯಾನೊದಲ್ಲಿ ಮೊದಲಿಂದ ಕೊನೆಯವರೆಗೆ ಸರಿಯಾಗಿ ನುಡಿಸಿ, ನಿದ್ದೆ ಹೊರಗೆ ಬರುತ್ತದೆ. ಕೊನೆ ಮುಟ್ಟಿಯೂ ಬರದಿದ್ದರೆ ನುಡಿಸಿದ ಕೈ ಬೆರಳುಗಳು ಮರವಾಗುತ್ತವೆ." ಹೇಳಿ ಮುಸಿಮುಸಿ ನಕ್ಕ. ಊರಾಚೆಯ ಬೋಳುಗುಡ್ಡ ಹತ್ತಿ ಮಲಗಿದ. ಯಾಕೆ ನಕ್ಕ ಅಂತ ಯಾರಾದರೂ ಕೇಳಬೇಕಿತ್ತು. ಒಬ್ಬರೂ ಕೇಳಲಿಲ್ಲ.

ಆ ಪಿಯಾನೊದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಅದನ್ನು ಕಡಲಾಚೆಯ ಒಬ್ಬ ನಾವಿಕ ದೊರೆಯ ತಾತನಿಗೆ ಕಾಣಿಕೆಯಾಗಿ ತಂದುಕೊಟ್ಟಿದ್ದ. ಕೌದಿಪುರದಲ್ಲಿ ಅರಮನೆಯ ವಸ್ತುವನ್ನು ಎಡಗೈಯಲ್ಲಿ ಮುಟ್ಟುವಂತಿಲ್ಲ. ಕೊಡುವುದೂ ಬಲಗೈ, ಇಸಿದುಕೊಳ್ಳುವುದೂ ಬಲಗೈ. ನಾವಿಕನಿಗೆ ಪಾಪ ಅದೇನು ಗೊತ್ತು? ನುಡಿಸಿ ತೋರಿಸಲು ಕೂತು ಎಡಗೈ ಇಟ್ಟದ್ದೇ ತಡ, ತಾತ ಎದ್ದು ನಿಂತು "ಆಚೆಗೆ ದಬ್ಬಿ ಇವನನ್ನು" ಅಂದ. ಅಂದಿನಿಂದ ಪಿಯಾನೊ ಕಲಿಯುವವರ ಎಡಗೈಯನ್ನು ರೇಷ್ಮೆಪಟ್ಟಿಯಿಂದ ಸೊಂಟಕ್ಕೆ ಕಟ್ಟಿ ಕೂರಿಸುವುದು ಪದ್ಧತಿಯಾಯಿತು.

ಆಸ್ಥಾನದ ವಿದ್ವಾಂಸರು ಹಾಗೇ ಕೈ ಕಟ್ಟಿಸಿಕೊಂಡು ಒಬ್ಬೊಬ್ಬರಾಗಿ ಕೂತರು. ಒಬ್ಬೊಬ್ಬರಾಗಿ ಸೋತರು. ಊಟಕ್ಕೆ ಕೂತರೆ ತಟ್ಟೆಯ ಮೇಲೆ ಅವರ ಮರದ ಬೆರಳು ಟಕಟಕ ಅನ್ನುತ್ತಿತ್ತು. ಎಲ್ಲರಿಗಿಂತ ಹಿರಿಯರು ಅಚ್ಚಣ್ಣಯ್ಯ. ಅವರ ಬಲಗೈಯೂ ಮರವಾಯಿತು, ಸಿಡಿಮಿಡಿ ಮಾತ್ರ ಹಾಗೇ ಉಳಿಯಿತು.

ಇನ್ನು ಊರಿನ ಪಾಡು ಕೇಳಿ. ಅಕ್ಕಸಾಲಿಗ ಮೂಗುತಿ ಮಾಡಲು ಕೂತು ಬಳೆ ಮಾಡಿದ. ಜಗಳಕ್ಕೆ ನಿಂತವರು ಯಾಕೆ ನಿಂತೆವು ಅನ್ನುವುದೇ ಮರೆತು ಮನೆಗೆ ಹೋದರು. ಕಣ್ಣು ಮುಚ್ಚಿ ಮಲಗಿದರೂ ರೆಪ್ಪೆಯೊಳಗೆ ಬೆಳಕು. ಗುಡ್ಡದ ಮೇಲಿಂದ ಮಾತ್ರ ಗೊರ್ ಗೊರ್ ಅಂತ ಬಿಡುಗಣ್ಣನ ಗೊರಕೆ. ಅದನ್ನು ಕೇಳಿಸಿಕೊಂಡು ಎಚ್ಚರವಾಗಿರುವುದು ಅಂದರೆ ಎಂಥ ಹಿಂಸೆ ಅಂತೀರಿ!

ಆ ಊರಲ್ಲಿ ಬೊಮ್ಮಿ ಅಂತ ಒಬ್ಬಳು ಕುಂಬಾರರ ಹೆಣ್ಣು. ನಿದ್ದೆ ಕಳುವಾದ ಮೇಲೆ ಅವಳಿಗೆ ಮಗು ಹುಟ್ಟಿತು. ಹುಟ್ಟಿದಾಗಿನಿಂದ ಅದು ಒಂದು ಗಳಿಗೆಯೂ ಮಲಗಿರಲಿಲ್ಲ. ತೊಟ್ಟಿಲಲ್ಲಿ ಮಲಗಿ ನಿದ್ದೆಹೋದ ಮಗುವಿಗೇ ಹೆಸರಿಡಬೇಕೆಂಬುದು ಅಲ್ಲಿನ ಶಾಸ್ತ್ರ. ಹಾಗಾಗಿ ಅದಕ್ಕೆ ಹೆಸರೂ ಇರಲಿಲ್ಲ. ಕೈಕಾಲು ಕಡ್ಡಿಯಾಗಿತ್ತು. ವೈದ್ಯರು ನಾಡಿ ಹಿಡಿದು, "ದೊಡ್ಡವರು ಹೇಗೋ ತಡೀತೀವಿ ತಾಯಿ. ನಿದ್ದೆ ಬರದಿದ್ದರೆ ಈ ಕೂಸು ಸುಗ್ಗಿ ಕಾಣೋದಿಲ್ಲ" ಅಂದರು.

ಬೊಮ್ಮಿ ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಮಗುವನ್ನು ಸೀರೆಯ ತುಂಡಿನಿಂದ ಎದೆಗೆ ಕಟ್ಟಿಕೊಂಡು ಅರಮನೆಗೆ ನಡೆದಳು.

"ಅಯ್ಯನೋರೇ, ನಂಗೆ ಪಿಯಾನೊ ಕಲಿಸಿ" ಅಂದಳು.

"ಹೋಗಮ್ಮ, ಸುಮ್ಮನೆ ಹೋಗು" ಅಂದರು ಅಚ್ಚಣ್ಣಯ್ಯ. "ನಾನು ನಲವತ್ತು ವರ್ಷ ಕಲಿತವನು. ನನ್ನ ಕೈ ನೋಡು."

"ನಂಗೆ ಒಂದು ಜೋಗುಳ ಬಂದರೆ ಸಾಕು."

"ನಿನ್ನ ಕೈಯೂ ಮರವಾಗುತ್ತೆ."

"ಮರದ ಕೈಯಲ್ಲೂ ತೊಟ್ಟಿಲು ತೂಗಬಹುದು ಅಯ್ಯನೋರೇ. ತೂಗೋಕೆ ಮಗು ಇರಬೇಕಲ್ಲ?"

ಅಚ್ಚಣ್ಣಯ್ಯ ಮಗುವಿನ ಮುಖ ನೋಡಿದರು. ರೇಷ್ಮೆಪಟ್ಟಿ ತರಿಸಿ ಅವಳ ಎಡಗೈ ಕಟ್ಟಿಸಿದರು.

ಪಿಯಾನೊಗೆ ಮೂರು ಕಾಲು. ಬಿಡುಗಣ್ಣ ಮೂರಕ್ಕೂ ಜೀವ ತುಂಬಿಟ್ಟಿದ್ದ. ಬೊಮ್ಮಿ ಕೂತು ಮೊದಲ ಸ್ವರ ಒತ್ತಿದಳೋ ಇಲ್ಲವೋ, ಮೊದಲನೇ ಕಾಲು ಕರಡಿಯಾಗಿ ಮೈ ಕೊಡವಿತು.

"ಬೇಗ! ಬೇಗ ನುಡಿಸು!" ಅಂತ ಗುಡುಗಿತು. "ಮಗು ಸಾಯ್ತಾ ಇದೆ, ನೀನು ಇನ್ನೂ ಸರಿಗಮದಲ್ಲೇ ಇದೀಯಾ?"

ವಿದ್ವಾಂಸರೆಲ್ಲ ಆ ಗುಡುಗಿಗೆ ಬೆದರಿ ಆತುರಪಟ್ಟು ಬೆರಳು ತೊಡರಿಸಿಕೊಂಡಿದ್ದರು. ಬೊಮ್ಮಿಗೆ ಆತುರಪಡಲು ತ್ರಾಣವೇ ಇರಲಿಲ್ಲ. "ಇದಕ್ಕಿಂತ ಬೇಗ ನನ್ನ ಕೈ ಓಡಲ್ಲಪ್ಪ" ಅಂದವಳು, ಚಕ್ರದ ಮೇಲೆ ಮಣ್ಣು ಎತ್ತುವ ಹಾಗೆ ಒಂದೊಂದೇ ಸ್ವರವನ್ನು ನಿಧಾನವಾಗಿ ಎತ್ತಿದಳು. ಕರಡಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಮತ್ತೆ ಕಾಲಾಯಿತು.

ಸ್ವರಗಳು ಕೈಗೆ ಹತ್ತಿದ ಮೇಲೆ ಎರಡನೇ ಕಾಲು ಕೋತಿಯಾಗಿ ಜಿಗಿದು ಪಿಯಾನೊದ ಮೇಲೆ ಕೂತಿತು. ಅವಳು ತಪ್ಪಿದಾಗಲೆಲ್ಲ ಅದೇ ತಪ್ಪನ್ನು ಬಾಯಲ್ಲಿ ಅಣಕಿಸುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. "ಮಡಕೆ ತಟ್ಟೋ ಕೈಗೆ ಪಿಯಾನೊ ಬೇಕಂತೆ!"

ವಿದ್ವಾಂಸರು ಅವಮಾನ ತಾಳದೆ ಹೇಗೋ ಕೊನೆ ಮುಟ್ಟಿಸಿ ಎದ್ದುಹೋಗಿದ್ದರು. ಬೊಮ್ಮಿಗೆ ಅವಮಾನ ಮಾಡಿಕೊಳ್ಳಲೂ ಪುರಸೊತ್ತಿಲ್ಲ. "ನಗು ಮಾರಾಯ. ಈ ಊರಲ್ಲಿ ನಗೋರು ನೀನೊಬ್ಬನಾದರೂ ಇದೀಯಲ್ಲ" ಅಂದು ತಪ್ಪಿದ ಕಡೆಯಿಂದಲೇ ಮತ್ತೆ ಶುರುಮಾಡಿದಳು. ಕೋತಿಗೆ ಬೇಜಾರಾಗಿ ಅದೂ ಕಾಲಾಯಿತು.

ಮೂರನೇ ಕಾಲು ಬೆಕ್ಕಾಯಿತು. ಬೆಚ್ಚಗಿನ ಬೂದು ಬೆಕ್ಕು. ಅದು ಬೈಯಲೂ ಇಲ್ಲ, ನಗಲೂ ಇಲ್ಲ. ಅವಳ ಪಾದಕ್ಕೆ ಮೈ ಉಜ್ಜಿ, "ಸಾಕು ಬಿಡಮ್ಮ. ಎಷ್ಟು ಅಂತ ಮಾಡ್ತೀಯ? ಬೆನ್ನು ನೋಯ್ತಿದೆ ಅಲ್ವಾ? ನಾಳೆ ನೋಡೋಣ" ಅಂದಿತು.

ಅಯ್ಯೋ, ಆ ಮಾತು! ಎಷ್ಟು ಕಾಲದಿಂದ ಅವಳಿಗೆ ಒಬ್ಬರೂ ಆ ಮಾತು ಆಡಿರಲಿಲ್ಲ. ಬೊಮ್ಮಿ ಮೈಯೆಲ್ಲ ಕುಸಿದು ತಲೆಯನ್ನು ಪಿಯಾನೊಗೆ ಆನಿಸಿದಳು. ಆ ದಿನ ನುಡಿಸಲಿಲ್ಲ. ಮರುದಿನವೂ ಬೆಕ್ಕು "ನಾಳೆ" ಅಂದಿತು, ಅವಳು ನುಡಿಸಲಿಲ್ಲ. ಹೊಲದಲ್ಲಿ ತೆನೆ ಬಲಿಯುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಎದೆಯ ಮೇಲಿದ್ದ ಮಗು ಅಳಲು ಬಾಯಿ ತೆರೆಯಿತು, ದನಿಯೇ ಬರಲಿಲ್ಲ.

ಬೊಮ್ಮಿ ತಲೆ ಎತ್ತಿದಳು. "ನೀನು ಹೇಳೋದೆಲ್ಲ ನಿಜ ಕಣೇ. ನಂಗೆ ಸುಸ್ತಾಗಿದೆ, ಸಾಕಾಗಿದೆ. ಸುಸ್ತಾದವಳು ಹೀಗೇ ಕೂತು ನುಡಿಸ್ತೀನಿ, ನೀನೂ ಇಲ್ಲೇ ಮಲಕ್ಕೋ" ಅಂದಳು. ಬೆಕ್ಕು ಅವಳ ಮುಖ ನೋಡಿತು, ಸುರುಳಿ ಸುತ್ತಿಕೊಂಡು ಕಾಲಾಯಿತು.

ಆ ಮಧ್ಯಾಹ್ನವೇ ದೊರೆ, ಅಚ್ಚಣ್ಣಯ್ಯ, ಕಾವಲಿನವರು, ಕೆಂಗಣ್ಣು ಬಿಟ್ಟುಕೊಂಡ ಊರಿನವರು, ಎಲ್ಲ ಸೇರಿದರು. ಬೊಮ್ಮಿ ಬಲಗೈಯಲ್ಲಿ ಜೋಗುಳ ಶುರುಮಾಡಿದಳು. ಒಂದು ಸ್ವರ ತಪ್ಪಲಿಲ್ಲ, ಒಂದು ಕಡೆ ಓಡಲಿಲ್ಲ. ಮೊದಲಿಂದ ಕೊನೆಯವರೆಗೆ ನುಡಿಸಿ ಕೈ ಎತ್ತಿದಳು.

ಏನೂ ಆಗಲಿಲ್ಲ. ಗುಡ್ಡದ ಮೇಲೆ ಗೊರ್ ಗೊರ್ ಅನ್ನುತ್ತಲೇ ಇತ್ತು.

ಬೊಮ್ಮಿಯ ಕಿರುಬೆರಳು ತಣ್ಣಗಾಗಿ ಮರವಾಯಿತು. ಅಚ್ಚಣ್ಣಯ್ಯ ಮುಖ ತಿರುಗಿಸಿಕೊಂಡರು. ಅವಳು ಮುಂದಕ್ಕೆ ಬಾಗಿದಳು, ಅವಳ ಜೊತೆಗೆ ಮಗುವೂ ಬಾಗಿತು, ಸೋತ ಅದರ ಪುಟ್ಟ ಕೈ ಪಿಯಾನೊದ ಎಡತುದಿಯ ಸ್ವರದ ಪಟ್ಟಿಗಳ ಮೇಲೆ ಬಿತ್ತು. ತಾತನ ಕಾಲದಿಂದ ಯಾರೂ ಮುಟ್ಟದೆ ಧೂಳು ಹಿಡಿದಿದ್ದ ಪಟ್ಟಿಗಳು.

ಧುಂ ಅಂತು.

ಗುಡ್ಡದ ಮೇಲೆ ಗೊರಕೆ ಗಕ್ಕನೆ ನಿಂತಿತು. ಬಿಡುಗಣ್ಣ ಮಗ್ಗುಲು ಬದಲಿಸಿ ಮತ್ತೆ ಗೊರ್ ಅಂದ.

ಬೊಮ್ಮಿಗೆ ಎಲ್ಲ ಹೊಳೆಯಿತು. ಈ ಊರಿನವರು ಎಂದೂ ಮುಟ್ಟದ ಜಾಗ ಯಾವುದು ಅಂತ ನೋಡಿ, ಆ ಕಳ್ಳ ಬಿಡುಗಣ್ಣ ನಿದ್ದೆಯನ್ನು ಅಲ್ಲೇ ಅಡಗಿಸಿಟ್ಟಿದ್ದ. ಅದಕ್ಕೇ ಅವನು ನಕ್ಕಿದ್ದು! ಅವಳು ಹಲ್ಲಿನಿಂದ ರೇಷ್ಮೆಪಟ್ಟಿಯ ಗಂಟು ಬಿಚ್ಚಿ ಎಡಗೈಯನ್ನು ಹೊರಗೆಳೆದಳು.

"ಏಯ್!" ದೊರೆ ಎದ್ದು ನಿಂತ. "ಎಡಗೈ! ಅರಮನೆಯ ವಸ್ತು! ತಲೆ ಹಾರೀತು ನಿಂದು!"

"ಪ್ರಭು, ನೀವೂ ಒಂದು ಕಾಲಕ್ಕೆ ಕೂಸಾಗಿದ್ದೋರೇ" ಅಂದಳು ಬೊಮ್ಮಿ. ದನಿ ಏರಿಸಲಿಲ್ಲ, ಏರಿಸಲು ದನಿ ಉಳಿದಿರಲಿಲ್ಲ. "ನಿಮ್ಮ ತಾಯಿ ನಿಮ್ಮನ್ನ ಎಡಗೈಯಲ್ಲಿ ಎತ್ತಿಕೊಂಡು ಬಲಗೈಯಲ್ಲಿ ತಟ್ಟಿ ಮಲಗಿಸಿರ್ತಾರೆ. ಒಂದು ಕೈ ಕಟ್ಟಿಕೊಂಡು ಯಾವ ತಾಯಿ ಮಗು ಮಲಗಿಸ್ತಾಳೆ, ನೀವೇ ಹೇಳಿ. ಆಮೇಲೆ ಬೇಕಾದರೆ ತಲೆ ತಗೊಳ್ಳಿ."

ಉಂಗುರದ ಬೆರಳೂ ಮರವಾಯಿತು. ಉಳಿದ ಬೆರಳುಗಳಲ್ಲಿ ಅವಳು ಜೋಗುಳ ಹಿಡಿದಳು. ಎಡಗೈಗೆ ಯಾರೂ ಪಾಠ ಹೇಳಿರಲಿಲ್ಲ. ಅದು ತೊಟ್ಟಿಲು ತೂಗುವ ಹಾಗೆ ಧುಂ... ಧುಂ... ಅಂತ ಎರಡೇ ಸ್ವರ ತೂಗಿತು. ಬಲಗೈ ಅದರ ಮೇಲೆ ಮೆಲ್ಲಗೆ ತಟ್ಟಿತು.

"ಹಿಡಿಯಿರಿ ಅವಳ..." ಅಂದ ದೊರೆಗೆ ಆಕಳಿಕೆ ಬಂತು. ಹಿಡಿಯಲು ಬಂದ ಕಾವಲಿನವನು ಕತ್ತಿಯನ್ನು ಗೋಡೆಗೆ ಒರಗಿಸಿ, ತಾನೂ ಪಕ್ಕದಲ್ಲೇ ಒರಗಿದ. ಅಚ್ಚಣ್ಣಯ್ಯ ನೆಲದ ಮೇಲೇ ಮುದುಡಿಕೊಂಡರು. ಬಿಸಿಲು ಬೀದಿಯಲ್ಲಿ ಹಾಗೇ ಇತ್ತು, ಆ ಬಿಸಿಲಲ್ಲೇ ಊರೆಲ್ಲ ಇದ್ದಲ್ಲೇ ಮಲಗಿತು. ಎದೆಯ ಮೇಲಿನ ಮಗು ಒಂದು ಉದ್ದನೆಯ ಉಸಿರು ಬಿಟ್ಟು, ಹುಟ್ಟಿದ ಮೇಲೆ ಮೊದಲ ಸಲ ಕಣ್ಣು ಮುಚ್ಚಿತು. ಬೊಮ್ಮಿಯ ಕೆನ್ನೆಯ ಮೇಲೆ ಆಗ ನೀರು ಇಳಿಯಿತು.

ಬಾಗಿಲಲ್ಲಿ ಯಾರೋ ಏದುಸಿರು ಬಿಡುತ್ತ ನಿಂತರು. ಬಿಡುಗಣ್ಣ. ಕಣ್ಣು ಕೆಂಡವಾಗಿತ್ತು. "ನನ್ನ ನಿದ್ದೆ ಕೊಡು!" ಅಂತ ಕಿರುಚಿದ.

"ಶ್... ಮಗು ಮಲಗಿದೆ" ಅಂದಳು ಬೊಮ್ಮಿ.

ಅವನ ಕೂಗು ಅಲ್ಲೇ ಉಡುಗಿತು. ಹೊಸ್ತಿಲ ಮೇಲೆ ಕೂತು ತಲೆ ಹಿಡಿದುಕೊಂಡ. "ನಂಗೆ ಯಾರೂ ಜೋಗುಳ ಹಾಡಿದವರಿಲ್ಲ" ಅಂದ.

"ಕದಿಯೋ ಮುಂಚೆ ಕೇಳಬೇಕಿತ್ತು" ಅಂದಳು ಬೊಮ್ಮಿ. ಅವಳಿಗೆ ಸಿಟ್ಟು ಬಂದಿತ್ತು, ಆದರೆ ನಿದ್ದೆಗೆಟ್ಟವರ ಸಂಕಟವೂ ಅವಳಿಗೆ ಗೊತ್ತಿತ್ತು. "ಮೊದಲು ಎಲ್ಲರ ಬೆರಳು ಸರಿಮಾಡು."

ಅವನು ಕೈ ಬೀಸಿದ. ಮರದ ಬೆರಳುಗಳಿಗೆಲ್ಲ ರಕ್ತ ಹರಿಯಿತು. ಅವಳು ಅವನಿಗೂ ನುಡಿಸಿದಳು. ತನ್ನದೇ ಸ್ವಂತ ನಿದ್ದೆ ಬಂದು ಅವನು ಹೊಸ್ತಿಲಲ್ಲೇ ಉರುಳಿದ. ಎಷ್ಟು ಗಾಢ ನಿದ್ದೆಯೆಂದರೆ, ಎದ್ದಾಗ ಅವನಿಗೆ ಒಂದು ಮಂತ್ರವೂ ನೆನಪಿರಲಿಲ್ಲ.

ಈಗ ಇಡೀ ಕೌದಿಪುರದಲ್ಲಿ ಎಚ್ಚರವಿದ್ದವಳು ಬೊಮ್ಮಿ ಒಬ್ಬಳೇ. ನುಡಿಸುವವಳಿಗೆ ನಿದ್ದೆ ಹೇಗೆ ಬರಬೇಕು? ಎಲ್ಲರಿಗಿಂತ ಸೋತವಳು ಅವಳೇ, ಅವಳನ್ನು ಮಲಗಿಸುವವರೇ ಇಲ್ಲ. ಬೆನ್ನು ಬಾಗಿಸಿ, ಮಗುವನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು.

ಮುದುಕರ ನಿದ್ದೆ ಬೇಗ ಮುಗಿಯುತ್ತದೆ. ಅಚ್ಚಣ್ಣಯ್ಯ ಎದ್ದು ಬಂದರು. ತಮ್ಮ ಬೆರಳು ಮಡಿಸಿ ಬಿಡಿಸಿ ನೋಡಿಕೊಂಡರು.

"ಸ್ವಲ್ಪ ಸರಿಯಮ್ಮ" ಅಂದರು.

ಅವಳ ಪಕ್ಕದಲ್ಲಿ ಕೂತು ಬಲಗೈ ಇಟ್ಟರು. ತಮ್ಮ ಎಡಗೈಯನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಅದನ್ನೂ ಎತ್ತಿ ಧೂಳಿನ ಪಟ್ಟಿಗಳ ಮೇಲೆ ಇಟ್ಟರು.

"ಹೇಗೆ ಮಗಳೇ, ಎಡಗೈಯಲ್ಲಿ ಹೇಗೆ?"

"ತೂಗಿದ ಹಾಗೆ ಅಯ್ಯನೋರೇ" ಅಂದಳು ಬೊಮ್ಮಿ. ಅವರು ಎರಡನೇ ಸಲ ತೂಗುವ ಹೊತ್ತಿಗೆ ಅವಳ ತಲೆ ಅವರ ಭುಜದ ಮೇಲಿತ್ತು.

ಎದ್ದ ಮೇಲೆ ದೊರೆ ತಾನೇ ರೇಷ್ಮೆಪಟ್ಟಿಯನ್ನು ಒಲೆಗೆ ಹಾಕಿದ. ಮಗುವನ್ನು ತೊಟ್ಟಿಲಿಗೆ ಹಾಕಿ ನಿದ್ದಯ್ಯ ಅಂತ ಹೆಸರಿಟ್ಟರು. ಅವನು ಸುಗ್ಗಿಯನ್ನೂ ಕಂಡ, ಮೊಮ್ಮಕ್ಕಳನ್ನೂ ಕಂಡ. ಕೌದಿಪುರದವರು ಹೊಟ್ಟೆತುಂಬ ಉಂಡರು, ಕಣ್ತುಂಬ ಮಲಗಿದರು. ನಾನೂ ಇನ್ನು ಸ್ವಲ್ಪ ಒರಗುತ್ತೇನೆ, ಯಾರೂ ಸದ್ದು ಮಾಡಬೇಡಿ.