ಸ್ಪೀಕರಿನೊಳಗಿನ ವಿಭೂತಿ

ಜನ ಎಷ್ಟು ಹೊಲಸಾಗಿರ್ತಾರೆ ಅನ್ನೋದು ಅವರ ಮನೆಗೆ ಹೋದ್ರೆ ಗೊತ್ತಾಗಲ್ಲ. ನಡುಮನೆ ಒರೆಸಿ, ಸೋಫಾಕ್ಕೆ ಬಟ್ಟೆ ಹಾಸಿ, ನಗುನಗ್ತಾ ಕೂರಿಸ್ತಾರೆ. ಅವರ ಸ್ಪೀಕರ್ ಡಬ್ಬಿ ಬಿಚ್ಚಬೇಕು, ಆಗ ಗೊತ್ತಾಗುತ್ತೆ.

ಹರಿಹರದ ಹಳೇ ಬಸ್ ಸ್ಟ್ಯಾಂಡ್ ಹಿಂದೆ ನಮ್ಮದೊಂದು ರೇಡಿಯೋ ರಿಪೇರಿ ಅಂಗಡಿ. ಅಪ್ಪ ಉಜ್ಜನಪ್ಪನ ಕಣ್ಣು ಮಂಜಾದ ಮೇಲೆ ಬಿಚ್ಚೋದು, ಸೋಲ್ಡರಿಂಗ್ ಮಾಡೋದು ಎಲ್ಲ ನನ್ನ ಪಾಲಿಗೆ ಬಂತು. ಏಳು ವರ್ಷದಲ್ಲಿ ಏನೇನು ನೋಡಿಲ್ಲ ನಾನು! ಜಿರಲೆ ಮೊಟ್ಟೆ, ಒಣಗಿದ ಹಲ್ಲಿ, ಇಲಿ ಉಚ್ಚೆ. ಒಂದ್ಸಲ ಯಾರದ್ದೋ ಅಜ್ಜಿಯ ಕಟ್ಟಿಸಿದ ಹಲ್ಲು ಸಿಕ್ಕಿತ್ತು. ಥೂ!

ಇಷ್ಟೆಲ್ಲ ಹೇಸಿಕೊಂಡರೂ ಆ ಕೆಲಸ ಬಿಡೋ ಮಾತು ಬಂದ್ರೆ ನನಗೆ ಉಸಿರು ಕಟ್ಟುತ್ತೆ. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದ ಡಬ್ಬಿ ನನ್ನ ಕೈಯಲ್ಲಿ ಹಾಡೋಕೆ ಶುರು ಮಾಡುತ್ತಲ್ಲ, ಆ ಖುಷಿ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ. ಆದ್ರೆ ನನ್ನ ನೋಡೋಕೆ ಬಂದ ಐದು ಗಂಡುಗಳೂ ಕೇಳಿದ್ದು ಒಂದೇ ಪ್ರಶ್ನೆ. "ಮದ್ವಿ ಆದ್ಮೇಲೆ ಅಂಗಡಿ ಬಿಡ್ತಾಳಲ್ಲ?" ಇಲ್ಲ ಅಂದೆ. ಐದು ಸಲ ಉಪ್ಪಿಟ್ಟು, ಕೇಸರಿಬಾತು ದಂಡ.

ತೊಂಬತ್ತೆಂಟರ ಜುಲೈನಲ್ಲಿ ಒಬ್ಬ ಮನುಷ್ಯ ಸ್ಕೂಟರಿನ ಮುಂದೆ, ಎರಡು ಕಾಲಿನ ನಡುವೆ, ಮರದ ಸ್ಪೀಕರ್ ಡಬ್ಬಿ ನಿಲ್ಲಿಸಿಕೊಂಡು ಬಂದ. ಇಸ್ತ್ರಿ ಅಂಗಿ, ಪಕ್ಕಕ್ಕೆ ಬಾಚಿದ ಕ್ರಾಪು. ಕೂರೋ ಮುಂಚೆ ನಮ್ಮ ಸ್ಟೂಲನ್ನ ತನ್ನ ಕರ್ಚೀಫಿನಿಂದ ಒರೆಸಿದ. ನನಗೆ ಮೈ ಉರಿದುಹೋಯ್ತು.

"ದಾವಣಗೆರೆ, ದೇವರಾಜ ಅರಸು ಬಡಾವಣೆ," ಅಂದ. "ಬಕ್ಕೇಶ್ ಅಂತ. ಬೀಜದ ಅಂಗಡಿ ಐತೆ. ಅಲ್ಲೆಲ್ಲ ಹೊಸದು ತಗೊಳ್ರಿ ಅಂತಾರೆ. ಹಳೇದನ್ನ ನೀವು ಚೆನ್ನಾಗಿ ಮಾಡ್ತೀರಂತೆ. ಇದು ನಮ್ಮಪ್ಪ ತಂದಿದ್ದ ಸೆಟ್ಟು. ಇದೊಂದು ಸ್ಪೀಕರ್ ಗರಗರ ಅಂತೈತೆ."

ಬಿಚ್ಚಿದೆ. ಮುಂದಿನ ಬಟ್ಟೆ ತೆಗೆದರೆ, ಅದುರಿ ಸದ್ದು ಹೊರಡಿಸೋ ಕಾಗದದ ಕೋನಿನ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ! ಒಂದರ ಮೇಲೊಂದು, ವರ್ಷವರ್ಷದ್ದೂ. ನಡುವೆ ಕುಂಕುಮದ ಬೊಟ್ಟು, ಅದರ ಕೆಳಗೆ ತೆಂಗಿನಕಾಯಿ ನೀರು ಹರಿದು ಕಪ್ಪಾದ ಕಲೆ, ಕಲೆಗೆ ಅಂಟಿಕೊಂಡ ಇರುವೆ ಹೆಣಗಳು. ಧೂಳು ಒಳಗೆ ಹೋಗದಂಗೆ ಕೋನಿನ ನಡುವೆ ಅಂಟಿಸೋ ಟೋಪಿ ಹರಿದು, ವಿಭೂತಿ ಪುಡಿ ಒಳಗಿನ ತಂತಿ ಸುತ್ತಿದ ಕಾಯಿಲಿನ ಸಂದಿಗೆ ಸೇರಿ ಗಟ್ಟಿಯಾಗಿತ್ತು.

"ಇದೇನ್ರಿ ಇದು?"

"ಆಯುಧಪೂಜೆಗೆ ಅಮ್ಮ ಹಚ್ಚಿದ್ದು," ಅಂದ ಮೆಲ್ಲಗೆ.

"ಹೊರಗೆ ಹಚ್ಚಬಾರದಾ?"

"ದೇವರಿಗೆ ಬಟ್ಟೆ ಮೇಲೆ ಹಚ್ತಾರೇನು, ಹಣೆಗೇ ಹಚ್ಬೇಕು ಅಂತಾಳೆ ಅಮ್ಮ. ಅದಕ್ಕೆ ಪ್ರತಿ ಸಲ ಬಟ್ಟೆ ತೆಗೆಸ್ತಾಳೆ."

"ಸ್ಪೀಕರಿಗೆ ಹಣೆ ಯಾವುದ್ರಿ? ಮನುಷ್ಯರ ಗಂಟಲಿಗೆ ಹಿಂಗೆ ಬೂದಿ ತುರುಕಿದ್ರೆ ಅವ್ರೂ ಗರಗರ ಅಂತಾರೆ!"

ಬೇರೆಯವರಾಗಿದ್ರೆ ಎದ್ದು ಹೋಗ್ತಿದ್ರು. ಇವನು ನನ್ನ ಮುಖ ನೋಡ್ತಾ ಕೂತಿದ್ದ, ತುಟಿ ಕಚ್ಚಿಕೊಂಡು. ನಗು ತಡೀತಾ ಇದ್ದ ಅಂತ ಆಮೇಲೆ ತಿಳೀತು.

ಹರಿದ ಟೋಪಿಯನ್ನ ಬ್ಲೇಡಿನಿಂದ ಕತ್ತರಿಸಿ, ವಿಭೂತಿ ಎಲ್ಲ ಊದಿ ತೆಗೆದು, ಹಳೇ ಎಕ್ಸ್‌ರೇ ಫಿಲ್ಮಿನ ಸಣ್ಣ ಚೂರುಗಳನ್ನ ಸಂದಿಗೆ ಸಿಗಿಸಿ ಕಾಯಿಲನ್ನ ನಡುವೆ ನಿಲ್ಲಿಸಿ ಅಂಟು ಹಾಕಿದೆ. ಅಂಟು ಒಣಗಿ, ಚೂರು ತೆಗೆದು, ಹೊಸ ಟೋಪಿ ಕೂರಿಸೋಕೆ ಒಂದು ದಿನ ಬೇಕಿತ್ತು. ಮಾರನೇ ದಿನ ಬಂದು ಹಾಡು ಕೇಳಿದ. ಕಣ್ಣು ಮುಚ್ಚಿ ಕೇಳಿದ, ತಲೆ ಒಂಚೂರು ನನ್ನ ಕಡೆ ವಾಲಿತ್ತು. ರೆಪ್ಪೆ ಇಷ್ಟು ಉದ್ದ ಇದಾವಲ್ಲ ಈ ಮನುಷ್ಯಂಗೆ ಅಂತ ನೋಡ್ತಿದ್ದೆ, ಥಟ್ಟನೆ ಕಣ್ಣು ಬಿಟ್ಟ. ನಾನು ಸ್ಕ್ರೂಡ್ರೈವರ್ ಹುಡುಕೋಳಂಗೆ ಬಗ್ಗಿದೆ.

ಎರಡು ವಾರಕ್ಕೆ ಮತ್ತೆ ಅದೇ ಡಬ್ಬಿ.

ಬಿಚ್ಚಿದೆ. ನನ್ನ ಹೊಸ ಟೋಪೀಲಿ ಒಂದು ತೂತು. ಕಾಯಿಲಿನ ಸಂದಿ ತುಂಬ ವಿಭೂತಿ. ಪಟ್ಟೆ ಇಲ್ಲ, ಬೊಟ್ಟಿಲ್ಲ. ಚಮಚದಲ್ಲಿ ಸುರಿದಂಗಿತ್ತು.

"ಆಯುಧಪೂಜೆಗೆ ಇನ್ನೂ ಎರಡು ತಿಂಗಳ ಮೇಲೈತೆ," ಅಂದೆ.

ಕರ್ಚೀಫು ತೆಗೆದು ಸ್ಟೂಲು ಒರೆಸೋಕೆ ಶುರು ಮಾಡಿದ.

"ಯಾರು ಹಾಕಿದ್ದು?"

"ನಾನೇ." ಕಿವಿ ಎರಡೂ ಕೆಂಪಗಾಗಿದ್ವು. "ಬರೋಕೆ ಬೇರೆ ನೆಪ ಸಿಗಲಿಲ್ಲ. ನಿಮ್ಮ ಹತ್ರ ಬೈಸ್ಕೊಂಡು ಹೋದಾಗಿಂದ ಬೇರೆ ಯಾರ ಮಾತೂ ರುಚಿಸ್ತಿಲ್ರಿ."

ನನಗೆ ಬಂದದ್ದು ನಾಚಿಕೆ ಅಂದ್ಕೊಂಡ್ರಾ? ಅಸಹ್ಯ ಬಂತು, ಅಸಹ್ಯ! ಸರಿ ಮಾಡಿಟ್ಟದ್ದನ್ನ ಕೈಯಾರೆ ಕೆಡಿಸೋನು ನನ್ನ ಕಣ್ಣಿಗೆ ಮನುಷ್ಯನೇ ಅಲ್ಲ.

"ನಾಚ್ಕೆ ಆಗಲ್ವಾ ನಿಮಗೆ? ಪಾಪದ್ದು, ನೆಟ್ಟಗೆ ಹಾಡ್ಕೊಂಡಿತ್ತು. ನನ್ನ ನೋಡ್ಬೇಕಿದ್ರೆ ಮರ್ಯಾದಸ್ಥರಂಗೆ ಮನೆಗೆ ಬಂದು ನೋಡ್ರಿ. ಅದರ ಬಾಯಿಗೆ ಯಾಕ ಬೂದಿ ಹಾಕ್ತೀರಿ?"

"ಬರ್ಲಾ ಹಂಗಾದ್ರೆ?"

ಬೈಯ್ಯೋ ಭರದಲ್ಲಿ ನಾನು ಏನು ಹೇಳಿಬಿಟ್ಟಿದ್ದೆ ಅಂತ ಆಗ ಗೊತ್ತಾಯ್ತು. ಒಳಗಿನ ಕೋಣೇಲಿ ಅಪ್ಪ ಕೆಮ್ಮಿದ. ಬ್ಯಾಡ ಅನ್ನಲಿಲ್ಲ ನಾನು, ಡಬ್ಬಿ ಮತ್ತೆ ಸರಿ ಮಾಡೋಕೆ ಇಟ್ಕೊಂಡೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನನಗೆ ಅವನು ಬೇಕಾಗಿದ್ದ, ಸುಳ್ಳು ಯಾಕೆ ಹೇಳಲಿ.

ಬಂದ್ರು. ಬಕ್ಕೇಶ್, ಅವನ ತಾಯಿ ಕಸ್ತೂರಮ್ಮ. ಅಪ್ಪ ಈ ಸಲ ಉಪ್ಪಿಟ್ಟು ಬ್ಯಾಡ ಅಂತ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದ್ದ. ಕಸ್ತೂರಮ್ಮ ನನ್ನನ್ನ ಪಕ್ಕಕ್ಕೆ ಕೂರಿಸ್ಕೊಂಡು, "ಕೈ ತೋರ್ಸವ್ವ," ಅಂದ್ರು. ಹಿಡಿದು ತಿರುಗಿಸಿ ನೋಡಿದ್ರು. ಬೆರಳ ತುದಿ ಸುಟ್ಟ ಗುರುತುಗಳನ್ನ ಎಣಿಸಿದಂಗೆ ನೋಡಿದ್ರು. ಆಮೇಲೆ ಮೂಗಿನ ಹತ್ರ ಹಿಡಿದು ಮೂಸಿದ್ರು!

"ಎಂಥ ನಾತವ್ವ ಇದು?"

"ಸೋಲ್ಡರಿಂಗ್ ಮಾಡೋ ರಾಳದ್ದು," ಅಂದೆ.

"ಇರ್ಲಿ ಬಿಡು. ಮದ್ವಿ ಆದ್ಮೇಲೆ ಆ ಹೊಲಸೆಲ್ಲ ಹೆಂಗೂ ಇರಲ್ಲ. ಅಂಗಡಿ ಮುಚ್ಚಿಬಿಡ್ರಿ ಉಜ್ಜನಪ್ಪನೋರೆ."

ಅಪ್ಪ ನನ್ನ ಕಡೆ ತಿರುಗಿದ. ನಾನು ಬಕ್ಕೇಶನ ಕಡೆ ತಿರುಗಿದೆ. ಒಂದು ಮಾತು, ಒಂದೇ ಮಾತು ಆಡು ಮಾರಾಯ ಅಂತ ಮನಸ್ಸಲ್ಲೇ ಬೇಡಿಕೊಂಡೆ. ಆ ಮಹಾನುಭಾವ ಬಜ್ಜಿ ಸೀಳಿ ಅದರೊಳಗಿನ ಬೀಜ ಒಂದೊಂದೇ ಆರಿಸ್ತಾ ಕೂತಿದ್ದ. ಎಣ್ಣೆ ಅವನ ಬೆರಳಿಂದ ಇಳಿದು ಮುಂಗೈಗೆ ಬಂದಿತ್ತು. ಅಷ್ಟು ಹೇಸಿಗೆ ನನಗೆ ಯಾವ ಇಲಿ ಗೂಡು ನೋಡಿದಾಗಲೂ ಆಗಿರಲಿಲ್ಲ.

"ನನಗೆ ಒಪ್ಪಿಗೆ ಇಲ್ರಿ," ಅಂತ ಎದ್ದು ಹೋದೆ.

ಹತ್ತು ದಿನ ಯಾರ ಡಬ್ಬಿ ಬಿಚ್ಚಿದ್ರೂ ಸಿಡುಕಿದೆ. ಸ್ಕೂಟರ್ ಸದ್ದು ಕೇಳಿದ್ರೆ ತಲೆ ಎತ್ತುತ್ತಿದ್ದೆ, ಎತ್ತಿದ್ದಕ್ಕೆ ನನ್ನನ್ನೇ ಬೈಕೊಳ್ತಿದ್ದೆ. ಹನ್ನೊಂದನೇ ದಿನ, ಭಾನುವಾರ ಬೆಳಿಗ್ಗೆ, ಅವನೇ ಬಂದು ಬಾಗಿಲಲ್ಲಿ ನಿಂತ. ಕೈ ಖಾಲಿ.

"ಡಬ್ಬಿ ಎಲ್ಲಿ?"

"ಚೆನ್ನಾಗಿ ಹಾಡ್ತೈತ್ರಿ."

"ಮತ್ಯಾಕ ಬಂದ್ರಿ?"

"ಅವತ್ತು ನನಗೆ ಬಾಯಿ ಬರಲಿಲ್ಲ."

"ಬಜ್ಜಿ ತಿನ್ನಾಕ ಬಂತಲ್ಲ?"

ತಲೆ ತಗ್ಗಿಸಿದ. "ಬೈರಿ. ಆದ್ರೆ ಕೇಳ್ರಿ. ಅಂಗಡಿ ಬಿಡಿಸೋದಾದ್ರೆ ನನಗೆ ಮದುವೇನೇ ಬ್ಯಾಡ ಅಂತ ಅಮ್ಮಂಗೆ ಹೇಳೀನಿ. ಹರಿಹರದಾಗೇ ಮನೆ ಮಾಡ್ತೀನಿ, ನಾನೇ ದಿನಾ ದಾವಣಗೆರೆಗೆ ಹೋಗಿ ಬರ್ತೀನಿ ಅಂದೆ. ಮೂರು ದಿನ ಅಮ್ಮ ಮಾತು ಬಿಟ್ಲು. ನಾಲ್ಕನೇ ದಿನ, 'ಹಬ್ಬಕ್ಕಾದ್ರೂ ಇಬ್ರೂ ಬರ್ತೀರೋ ಇಲ್ವೋ' ಅಂತ ಕೇಳಿದ್ಲು."

ಕೇಳೋಕೆ ಹಿತವಾಗಿತ್ತು. ಆದ್ರೂ ನಂಬೋಕೆ ಭಯ. ಇವತ್ತು ಹೇಳ್ತಾನೆ, ನಾಳೆ ಇವನೂ ನನ್ನ ಕೈ ಮೂಸಿ ಮುಖ ಆ ಕಡೆ ತಿರುಗಿಸಿದ್ರೆ?

"ಮಾತು ಸಾಕು. ಒಳಗೆ ಬಂದು ಕೂಡ್ರಿ," ಅಂದೆ. "ನಾನು ಏನು ಮಾಡ್ತೀನಿ ಅಂತ ಒಂದು ದಿನ ಮಾಡಿ ನೋಡ್ರಿ. ಆಮೇಲೆ ಮದ್ವಿ ಮಾತು."

ದಾವಣಗೆರೆ ದಾರೀಲಿರೋ ಬಾತಿ ಊರಿನ ಹೋಟೆಲಿನ ಸ್ಪೀಕರ್ ಡಬ್ಬಿ ಬಂದಿತ್ತು, ಮೂರು ತಿಂಗಳಿಂದ ಅಲ್ಲಿನ ಅಡುಗೆಮನೆ ಮೂಲೇಲಿ ಬಿದ್ದಿದ್ದು. ಅದನ್ನೇ ಅವನ ಮುಂದೆ ಇಟ್ಟೆ. ಅಂಗಿ ತೋಳು ಮಡಚಿ, ಒಂದೊಂದೇ ಸ್ಕ್ರೂ ತೆಗೆದು, ಹಿಂದಿನ ಹಲಗೆ ಎತ್ತಿದ.

ನಾತ ಅಂದ್ರೆ ಅಂಥ ನಾತ. ಹತ್ತಿ, ಕಾಗದದ ಚೂರು, ಎಣ್ಣೆ ಜಿಡ್ಡು, ಅದರ ನಡುವೆ ಒಂದು ಇಲಿ, ಸತ್ತು ಎಷ್ಟು ದಿನ ಆಗಿತ್ತೋ. ನಾನೂ ಸೆರಗು ಮೂಗಿಗೆ ಹಿಡಿದೆ. ಅವನು ನನ್ನನ್ನ ಒಂದು ಸಲ ನೋಡಿ, ಉಸಿರು ಬಿಗಿಹಿಡಿದು, ಬರಿಗೈ ಒಳಗೆ ಹಾಕಿದ. ಗೂಡನ್ನ ಇಡಿಯಾಗಿ ಎತ್ತಿ ಬಕೀಟಿಗೆ ಹಾಕಿದ. ಹಾಕಿ, ಬಾಗಿಲ ಕಡೆ ಓಡಿದ.

ಚರಂಡಿ ಮುಟ್ಟಲಿಲ್ಲ. ನಮ್ಮ ಮೆಟ್ಟಿಲ ಮೇಲೇ ವಾಂತಿ ಮಾಡಿಕೊಂಡ. ನಾನು ಹಿಂದೆಯೇ ಓಡಿ ಅವನ ಹಣೆ ಗಟ್ಟಿಯಾಗಿ ಹಿಡಿದೆ. ಇನ್ನೊಂದು ಸಲ ಆಯ್ತು. ನನ್ನ ಕಾಲ ಮೇಲೂ ಬಿತ್ತು. ಬೆನ್ನು ಸವರಿದೆ, ಸೆರಗಿನಿಂದ ಬಾಯಿ ಒರೆಸಿದೆ, ಚೊಂಬಲ್ಲಿ ನೀರು ಕೊಟ್ಟೆ.

"ಸಾಕು ಬಿಡ್ರಿ, ಮಿಕ್ಕಿದ್ದು ನಾನು ಮಾಡ್ತೀನಿ," ಅಂದೆ.

"ಬ್ಯಾಡ. ಮುಗಿಸೋದು ನಾನೇ," ಅಂದ. ಕಣ್ಣಲ್ಲಿ ನೀರು ತುಂಬಿತ್ತು. "ಇಷ್ಟು ವರ್ಷ ಇದನ್ನ ಹೆಂಗ್ರಿ ಮಾಡಿದ್ರಿ ನೀವು?"

ಯಾರೂ ಇದನ್ನ ನನ್ನನ್ನ ಕೇಳಿರಲಿಲ್ಲ. ಅಲ್ಲೇ, ಕಾಲು ತೊಳೆಯೋದೂ ಬಿಟ್ಟು ನಿಂತಿದ್ದೆ. ಊರವರ ಎಂಜಲು, ಗಲೀಜು, ಮಾತು, ನೋಟ ಎಲ್ಲದಕ್ಕೂ ಹೇಸೋ ಹೆಂಗಸು ನಾನು. ಈ ಮನುಷ್ಯನ ವಾಂತಿ ನನ್ನ ಪಾದದ ಮೇಲಿತ್ತು. ನನಗೆ ಹೇಸಿಗೆ ಆಗಲಿಲ್ಲ. ಒಂಚೂರೂ ಆಗಲಿಲ್ಲ.

"ಯಾರೇ ಅದು, ಏನಾಯ್ತು?" ಒಳಗಿಂದ ಅಪ್ಪ ಕೂಗಿದ.

"ಏನಿಲ್ಲಪ್ಪ," ಅಂದೆ. "ಬಕ್ಕೇಶ್ ಅವರು ಬಂದಾರೆ. ನಾನು ಇವರನ್ನ ಮದ್ವಿ ಆಗ್ತೀನಿ."

ಬಾಯಿ ಮುಕ್ಕಳಿಸ್ತಿದ್ದ ಬಕ್ಕೇಶ್ ಬಾಯಲ್ಲಿದ್ದ ಅಷ್ಟೂ ನೀರನ್ನ ಗಟಕ್ಕನೆ ನುಂಗಿಬಿಟ್ಟ.

"ಥೂ! ಉಗುಳೋ ನೀರು ರೀ ಅದು!" ಅಂತ ಬೈದೆ, ಬೈತಾನೇ ಅವನ ಕೈ ಹಿಡ್ಕೊಂಡೆ.